ಮನೆಯ ಧ್ವನಿಮುದ್ರಣಕ್ಕೆ ಎಂತಹ ಮಿಕ್ಸರ್?

ಮಿಕ್ಸರ್ ಎಂದೊಡನೆ ವಾಚಕರಿಗೆ ಅಡುಗೆಮನೆಯ ಮಿಕ್ಸಿಯ ನೆನಪಾದೀತು. ನಾನು ಹೇಳಹೊರಟಿರುವುದು ಚಟ್ನಿಯ ಮಾತಲ್ಲ. ಮೈಕುಗಳಿಂದ ಬಂದ ಧ್ವನಿಗಳನ್ನು ಹಿಗ್ಗಿಸಿ, ಹದವರಿತು ಬೆರೆಸಿ, ಮುದ್ರಣಕ್ಕೆ ಒಪ್ಪಿಸುವ ಸಲಕರಣೆಯ ಮಾತು.

ನಮ್ಮ ಅಜ್ಜಿಗೆ ಬೀಸುವ ಪದಗಳು ಬಾಯಿಪಾಠ. ಅವನ್ನು ಮನೆಯಲ್ಲಿಯೇ ಮುದ್ರಿಸಿಡಬೇಕೆಂಬ ಆಸೆಯಿಂದ ನಾನು ಈ ವಿಷಯವನ್ನು ಅಭ್ಯಾಸ ಮಾಡಿದೆನು. ವೃದ್ಧರ ಸ್ವರ ಮೆಲುವಾದುದು. ಅದರೊಡನೆ ಯಂತ್ರದ ‘ಸುಯ್’ ಎಂಬ ಸದ್ದು ಬೆರೆತರೆ ಬೇರ್ಪಡಿಸುವುದು ಕಷ್ಟ. ಸೋಸಹೋದರೆ ಹಾಡಿನ ಉಸಿರೂ ಸೋಸಿಹೋಗುತ್ತದೆ. ಹಾಗಾದರೆ ವಿದ್ಯಾರ್ಥಿಯ ಜೇಬಿಗೆಟುಕುವ ಮಿಕ್ಸರಿನಿಂದ ಈ ಕಾರ್ಯ ಸಾಧ್ಯವೇ?

ಸಾಧ್ಯವೆಂದೇ ನನ್ನ ಉತ್ತರ. ಏಕೆಂದರೆ ನಿಶ್ಶಬ್ದಕ್ಕೆ ಪ್ರಕೃತಿಯೇ ಒಂದು ಎಲ್ಲೆಯನ್ನು ಹಾಕಿದೆ. ವಾಹಕಗಳಲ್ಲಿ ಶಾಖದಿಂದ ಇಲೆಕ್ಟ್ರಾನುಗಳು ಸದಾ ತಳಮಳಿಸುತ್ತಿರುತ್ತವೆ. ಅದರಿಂದ ಅತ್ಯಲ್ಪವಾದ ವಿದ್ಯುತ್ ಸದ್ದು ಹುಟ್ಟುತ್ತದೆ. ಅಮೆರಿಕೆಯ ಬೆಲ್ ಪ್ರಯೋಗಶಾಲೆಯ ಜಾನ್ಸನ್ ಮತ್ತು ನೈಕ್ವಿಸ್ಟ್ ಎಂಬವರು 1928ರಲ್ಲಿ ಇದನ್ನು ಕುರಿತ ಲೇಖನಗಳನ್ನು ಪ್ರಕಟಿಸಿದರು. 150 ಓಮ್ ರೋಧವುಳ್ಳ ಮೈಕಿನಲ್ಲಿ ಈ ಸದ್ದು ಸುಮಾರು –131 ಡಿಬಿಯು. ಋಣಸಂಖ್ಯೆ ದೊಡ್ಡದಾದಷ್ಟೂ ಸದ್ದು ಕಡಮೆಯೆಂದು ತಿಳಿಯಬೇಕು. ಸಾವಿರಗಟ್ಟಲೆ ರೂಪಾಯಿ ಹೆಚ್ಚು ತೆತ್ತರೂ ಆ ಮೈಕಿನೊಡನೆ ಈ ಎಲ್ಲೆಯನ್ನು ದಾಟಲಾಗದು. ಯಮಾಹಾ ಎಂಜಿ06 ಎಂಬ ಪುಟ್ಟ ಮಿಕ್ಸರಿಗೆ ತಯಾರಕರು ಕೊಟ್ಟಿರುವ ಅಂಕೆ –128. ಅಂದರೆ ಎಲ್ಲೆಗೂ ಅದಕ್ಕೂ ಮೂರೇ ಡೆಸಿಬೆಲ್ ಅಂತರ!

ಆದುದರಿಂದ ಕೊಳ್ಳುವಾಗ ನೋಡಬೇಕಾದುದು ಗುಂಡಿಗಳ ಸಂಖ್ಯೆಯನ್ನಲ್ಲ, ಮೈಕಿನ ಧ್ವನಿಯನ್ನು ಮೊದಲು ಹಿಗ್ಗಿಸುವ ಭಾಗವನ್ನು. ಅಲ್ಲಿ ಸೇರಿದ ಸದ್ದು ಮುಂದೆ ಧ್ವನಿಯೊಡನೆಯೇ ಬೆಳೆಯುತ್ತದೆ. ವಿವರಪತ್ರದಲ್ಲಿ ಅದರ ಅಂಕೆಯನ್ನು 150 ಓಮ್ ಇಟ್ಟು ಅಳೆದಿದ್ದಾರೆಯೇ ಎಂದು ವಿಚಾರಿಸಬೇಕು. ಒಳದಾರಿಯನ್ನು ಶಾರ್ಟ್ ಮಾಡಿ ಅಳೆದ ಅಂಕೆ ಇನ್ನೂ ಚೆಲುವಾಗಿ ಕಾಣುತ್ತದೆ. ಒಬ್ಬರ ಹಾಡಿಗೆ, ಜೊತೆಗೊಂದು ವಾದ್ಯಕ್ಕೆ, ಎರಡು ಮೈಕಿನ ದಾರಿಗಳು ಸಾಕು. ಕಂಡೆನ್ಸರ್ ಮೈಕಾದರೆ 48 ವೋಲ್ಟಿನ ಫ್ಯಾಂಟಮ್ ವಿದ್ಯುತ್ ಇರಲೇಬೇಕು. ಅಂಗಡಿಯಲ್ಲಿಯೇ ಮೈಕು ಸಿಕ್ಕಿಸಿ, ಗೇನ್ ಏರಿಸಿ, ಹೆಡ್‌ಫೋನಿನಲ್ಲಿ ಆಲಿಸುವುದು ಲೇಸು.

ಬಳಸುವ ಕ್ರಮವೂ ಮುಖ್ಯ. ಗೇನನ್ನು ಮೊದಲ ಗುಂಡಿಯಲ್ಲಿಯೇ ಸಾಕಷ್ಟು ಕೊಡಬೇಕು. ಬೇಡದ ದಾರಿಗಳನ್ನು ಮುಚ್ಚಬೇಕು. ‘ಗುಂಯ್’ ಎಂಬ ಸದ್ದು ಕೇಳಿದರೆ ಅದು ಬಹುಶಃ ಮನೆಯ ವಿದ್ಯುತ್ತಿನದು. ಮೂರು ಮೊಳೆಯ ಎಕ್ಸ್‌ಎಲ್‌ಆರ್ ತಂತಿ ಅದನ್ನು ಬಹುಮಟ್ಟಿಗೆ ತಡೆಯುತ್ತದೆ.

ಎಲ್ಲಕ್ಕಿಂತ ಅಗ್ಗದ ಉಪಾಯವೊಂದಿದೆ. ಒಂದು ಅಡಿ ದೂರವಿದ್ದ ಮೈಕನ್ನು ಅರ್ಧ ಅಡಿಗೆ ತಂದರೆ ನೇರವಾಗಿ ಬರುವ ಧ್ವನಿ ಸುಮಾರು 6 ಡೆಸಿಬೆಲ್ ಏರುತ್ತದೆ. ಅತ್ಯಂತ ದುಬಾರಿ ಮಿಕ್ಸರಿನಿಂದ ದೊರೆಯಬಹುದಾದ ಮೂರು ಡೆಸಿಬೆಲ್ ಇದರ ಮುಂದೆ ಎಷ್ಟರದು?

ಹಾಸಿಗೆಯಿದ್ದಷ್ಟು ಕಾಲು ಚಾಚಿದರೂ ಈ ಕೆಲಸ ಕೆಡುವುದಿಲ್ಲ. ಕೆಡುವುದು ತಡಮಾಡಿದರೆ. ಹಣ ಕೂಡಲಿ ಎಂದು ಕಾಯುವಷ್ಟರಲ್ಲಿ ಹಾಡುವವರೇ ಇಲ್ಲವಾಗಬಾರದು.