ಸೊಂಟದ ಶಸ್ತ್ರಚಿಕಿತ್ಸೆಯ ತರುವಾಯದ ಉಪದೇಶವೂ ಅದರ ಭಾಷೆಯೂ

ತುಮಕೂರಿನಲ್ಲಿ ಸೊಂಟದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಗುಬ್ಬಿ, ಕುಣಿಗಲು ಸೀಮೆಯ ಹಳ್ಳಿಗಳಿಗೆ ಹಿಂದಿರುಗುವ ರೋಗಿಗೆ ಔಷಧದೊಡನೆ ಕೆಲವು ಮಾತುಗಳನ್ನೂ ಹೇಳಿ ಕಳುಹಿಸುವುದುಂಟು. ಔಷಧವು ಕೆಲವು ದಿನಗಳಲ್ಲಿ ಮುಗಿಯುವುದು. ಮಾತಿನ ಫಲವು ತಿಂಗಳುಗಟ್ಟಲೆ ನಿಲ್ಲುವುದು. ಆದಕಾರಣ ಆ ಮಾತು ಎಂತಹ ಕನ್ನಡದಲ್ಲಿರಬೇಕೆಂಬ ವಿಚಾರವು ವೈದ್ಯರಿಗೆ ಮಾತ್ರವೇ ಸೇರಿದುದಲ್ಲ. ಭಾಷೆಯನ್ನು ಕಲಿಸುವವರಿಗೂ ಸೇರಿದುದು.

ಸೊಂಟದ ಭಾಗದಲ್ಲಿ ಬೆನ್ನೆಲುಬಿನ ಮಣಿಗಳು ಐದು. ಅವುಗಳ ನಡುನಡುವೆ ಮೆತ್ತೆಯಂತಹ ಬಿಲ್ಲೆಗಳಿರುವುವು. ಬಿಲ್ಲೆಯ ಹೊರಪದರವು ಬಿರಿದು ಒಳಗಣ ತಿರುಳು ಹೊರಚಾಚಿದರೆ ಕಾಲಿಗಿಳಿಯುವ ನರದ ಬುಡವು ಒತ್ತಲ್ಪಟ್ಟು, ಪಿರ್ರೆಯಿಂದ ಪಾದದವರೆಗೆ ಸೆಳೆತವುಂಟಾಗುವುದು. ಈ ಕಾರಣವನ್ನು 1934ರಲ್ಲಿ ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ ಎಂಬ ವೈದ್ಯರು ಸ್ಪಷ್ಟಪಡಿಸಿ, ಶಸ್ತ್ರದಿಂದ ಪರಿಹಾರವುಂಟೆಂದು ತೋರಿಸಿದರು. ಆ ಕಾಲದಲ್ಲಿ ರೋಗಿಯನ್ನು ವಾರಗಟ್ಟಲೆ ಮಲಗಿಸುವುದೇ ವಾಡಿಕೆಯಾಗಿದ್ದಿತು. ಇಂದು ಬಿಲ್ಲೆಯ ತುಣುಕನ್ನು ತೆಗೆದ ದಿನವೇ ಅಥವಾ ಮರುದಿನ ಎಬ್ಬಿಸಿ ನಡೆಸುವರು.

ಮಾತಿನ ತೊಡಕು ಇಲ್ಲಿಯೇ ಮೊದಲಾಗುವುದು. ಚೀಟಿಯಲ್ಲಿ 'ವಿಶ್ರಾಂತಿ' ಎಂದು ಬರೆದರೆ ಮನೆಯವರು ಅದನ್ನು 'ಮಲಗಿರುವುದು' ಎಂದು ಗ್ರಹಿಸುವುದು ಸಹಜ. ಬಾಣಂತಿಯ ಆರೈಕೆಯನ್ನು ಕಂಡವರು ರೋಗಿಯನ್ನೂ ಹಾಸಿಗೆಯಿಂದ ಏಳಗೊಡರು. ಪ್ರೀತಿಯಿಂದ ಮಾಡಿದ ಈ ಉಪಚಾರದಿಂದಲೇ ಸ್ನಾಯುಗಳು ಸೊರಗುವುವು. ಮೀನಖಂಡದಲ್ಲಿ ರಕ್ತವು ಹೆಪ್ಪುಗಟ್ಟುವ ಭಯವೂ ಹೆಚ್ಚುವುದು. 'ಭಾರದ ಕೆಲಸ ಬಿಡಿ, ದಿನಕ್ಕೆ ನಾಲ್ಕಾರು ಸಲ ಅಂಗಳದಲ್ಲಿ ನಡೆಯಿರಿ, ದಿನದಿನಕ್ಕೂ ಸ್ವಲ್ಪ ಹೆಚ್ಚಿಸಿರಿ' ಎಂದರೆ ಸಂದೇಹಕ್ಕೆ ಎಡೆಯಿಲ್ಲ.

'ಬಗ್ಗಬಾರದು' ಎಂಬ ಮಾತೂ ಅಷ್ಟೇ ಅಸ್ಪಷ್ಟ. ಗುಬ್ಬಿಯ ತೋಟದವನಿಗೆ ಬಗ್ಗುವುದೆಂದರೆ ಬಿದ್ದ ತೆಂಗಿನಕಾಯಿಯನ್ನು ಆಯುವುದು, ನೆಲದಲ್ಲಿ ಕುಳಿತು ಅಡಿಕೆ ಸುಲಿಯುವುದು. ಅವನ ಮನೆಯವಳಿಗೆ ಒಲೆಯ ಮುಂದೆ ಕುಳಿತು ಮುದ್ದೆ ತಿರುವುವುದು, ತುಂಬಿದ ಬಿಂದಿಗೆಯನ್ನೆತ್ತುವುದು. ಈ ಹೆಸರುಗಳನ್ನೇ ಹೇಳಬೇಕು. ಬಿಲ್ಲೆಯ ಶಸ್ತ್ರಚಿಕಿತ್ಸೆಯಾದರೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಇವುಗಳಿಂದ ದೂರವಿರಲು ಹೇಳುವರು. ಅವಧಿಯನ್ನು ನಿರ್ಣಯಿಸತಕ್ಕವರು ಶಸ್ತ್ರವೈದ್ಯರೇ. ಮೊಳೆ, ಸಲಾಕೆಗಳನ್ನಿಟ್ಟು ಮಣಿಗಳನ್ನು ಬೆಸೆದಿದ್ದರೆ ತಿಂಗಳುಗಳೇ ಬೇಕು. ಅಂತಹವರು ಬೀಡಿಯನ್ನೂ ಎಲೆಯಡಿಕೆಯೊಡನೆ ಹೊಗೆಸೊಪ್ಪನ್ನೂ ಬಿಡಬೇಕು. ನಿಕೊಟೀನು ಮೂಳೆಯ ಬೆಸುಗೆಗೆ ಅಡ್ಡಿ. (ಅಡಿಕೆಯ ಸೀಮೆಯಲ್ಲಿ ಇದಕ್ಕಿಂತ ಕಠಿನವಾದ ಪಥ್ಯವಿಲ್ಲ.) ಹಾಸಿಗೆಯಿಂದ ಏಳುವಾಗ ಮಗ್ಗುಲಿಗೆ ಹೊರಳಿ, ಕಾಲುಗಳನ್ನು ಕೆಳಗಿಳಿಬಿಟ್ಟು, ಕೈಯೂರಿ ಏಳತಕ್ಕದ್ದು. ಕಾಲಿನ ಸೆಳೆತ ಮೊದಲು ತಗ್ಗಿದರೂ ಜೋಮು ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯಬಹುದು. ಇದನ್ನು ಮೊದಲೇ ತಿಳಿಸದಿದ್ದರೆ ಚಿಕಿತ್ಸೆ ವ್ಯರ್ಥವಾಯಿತೆಂದು ರೋಗಿಯು ಎದೆಗುಂದುವನು.

ಗಾಯದಲ್ಲಿ ಕೀವು, ಜ್ವರ, ಒಂದು ಕಾಲಿನ ಮೀನಖಂಡದಲ್ಲಿ ಬಾವು ಕಂಡರೆ ಆಸ್ಪತ್ರೆಗೆ ಹೋಗಬೇಕೆಂಬುದು ಎಲ್ಲರಿಗೂ ಅರ್ಥವಾಗುವುದು. ಅದಕ್ಕಿಂತ ಘೋರವಾದ ಲಕ್ಷಣವೊಂದುಂಟು. ಅದನ್ನು ಹೇಳಲು ಶಿಷ್ಟಭಾಷೆ ನಾಚುವುದು. 'ಮೂತ್ರವಿಸರ್ಜನೆಯಲ್ಲಿ ವ್ಯತ್ಯಯ' ಎಂದು ಬರೆದುದು ಓದಿದವರಿಗೇ ತಿಳಿಯದು. 'ಉಚ್ಚೆ ಕಟ್ಟಿದರೆ, ತಿಳಿಯದೆ ಹೋಗಿಬಿಟ್ಟರೆ, ಕುಳಿತಾಗ ನೆಲ ಸೋಕುವ ಜಾಗ ಮರಗಟ್ಟಿದರೆ, ಎರಡು ಕಾಲೂ ಸೋತರೆ' ಎಂದೇ ಬರೆಯಬೇಕು. ಹದಿನಾಲ್ಕನೆಯ ಶತಮಾನದಲ್ಲಿಯೇ ಮಂಗರಾಜನು ಖಗೇಂದ್ರಮಣಿದರ್ಪಣದಲ್ಲಿ ವಿಷವೈದ್ಯವನ್ನು ವಿವರಿಸಿದ ಭಾಷೆಗೆ ಇದು ಅಸಾಧ್ಯವಲ್ಲ. ಬೆನ್ನಿನ ಕೆಳತುದಿಯ ನರಗಳ ಗೊಂಚಲೇ ಒತ್ತಲ್ಪಟ್ಟುದರ ಗುರುತು ಇದು. ಚಿಕಿತ್ಸೆ ತಡವಾದರೆ ಕಳೆದ ಹಿಡಿತವು ಮರಳಿ ಬಾರದಿರಬಹುದು. ಸೊಸೆ ಅತ್ತೆಯೊಡನೆ, ತಂದೆ ಮಗನೊಡನೆ ಆಡಲು ಸಂಕೋಚಪಡುವ ಮಾತಾದುದರಿಂದ, ಚೀಟಿಯ ಮೊದಲ ಸಾಲಿನಲ್ಲಿಯೇ ಅದಿರಬೇಕು. ಕೂಡ ಬಂದವರೆದುರಿಗೆ ಅದನ್ನು ಓದಿ ಹೇಳಬೇಕು. ಕುಣಿಗಲಿನಿಂದ ತುಮಕೂರಿಗೆ ಮೂವತ್ತೈದು ಕಿಲೋಮೀಟರಿಗೂ ಮೇಲ್ಪಟ್ಟ ದಾರಿ. ಆ ಲಕ್ಷಣ ಕಂಡವರು ಬೆಳಗಾಗಲೆಂದು ಕಾಯದೆ ಆ ರಾತ್ರಿಯೇ ಹೊರಡಬೇಕು.