ಹಳೆಯ ಗುರಿಬಂದೂಕಿನ ಗುರುತು ಮತ್ತು ಜೀರ್ಣೋದ್ಧಾರ

ಜೀರ್ಣವಾದುದನ್ನು ಉದ್ಧರಿಸಹೊರಟವರು ಮೊದಲು ಅದನ್ನು ಅರಿಯಬೇಕು. ಅರಿಯದೆ ಉಜ್ಜಿದರೆ ಅದರ ಚರಿತ್ರೆಯೇ ಅಳಿಸಿಹೋಗುತ್ತದೆ. ಇಂಗ್ಲೆಂಡಿನ ಬಿ.ಎಸ್.ಎ. ಸಂಸ್ಥೆಯ ಪಾಯಿಂಟ್ ಇಪ್ಪತ್ತೆರಡು ಅಳತೆಯ ಒಂಟಿಗುಂಡಿನ ಬಂದೂಕು ಇದಕ್ಕೆ ಉತ್ತಮ ನಿದರ್ಶನ.

ಬೋಯರ್ ಯುದ್ಧವು ಗುರಿಸಾಧನೆಯ ಅಗತ್ಯವನ್ನು ಮನಗಾಣಿಸಿದಾಗ ಬ್ರಿಟನ್ನಿನಲ್ಲಿ 1901ರಲ್ಲಿ ಕಿರುಬಂದೂಕು ಕ್ಲಬ್ಬುಗಳ ಸಂಘವು ಸ್ಥಾಪನೆಯಾಯಿತು. ಅಗ್ಗದ ತೋಟಾದಿಂದ ಸಾಮಾನ್ಯ ಜನರೂ 25 ಗಜ ದೂರದ ಗುರಿಗೆ ಹೊಡೆಯುವುದನ್ನು ಅಭ್ಯಸಿಸಿದರು. ಈ ಬಂದೂಕು ಆ ಕಾಲದ ಕೂಸು.

ಗುರುತಿಸುವುದು ಹೇಗೆ? ಮೊದಲು ಒಳಗೆ ತೋಟಾ ಇಲ್ಲವೆಂದು ಖಚಿತಪಡಿಸಿಕೊಳ್ಳೋಣ. ಕೆಳಗಿನ ಸನ್ನೆಯನ್ನು ಇಳಿಸಿದರೆ ನಳಿಗೆಯ ಹಿಂಬಾಯಿಯನ್ನು ಮುಚ್ಚುವ ಉಕ್ಕಿನ ತುಂಡಿನ ಮುಂಭಾಗವು ತಗ್ಗುತ್ತದೆ. ಇದು ಮಾರ್ಟಿನಿ ಪದ್ಧತಿ. ಪಾರ್ಶ್ವದಲ್ಲಿ ಒಂದಕ್ಕೊಂದು ಒರಗಿಸಿಟ್ಟ ಮೂರು ಬಂದೂಕುಗಳ ಮುದ್ರೆಯನ್ನೂ, ನಳಿಗೆಯ ಮೇಲೆ 1813ರಲ್ಲಿ ಸ್ಥಾಪಿತವಾದ ಬರ್ಮಿಂಗ್‌ಹ್ಯಾಮ್ ಪರೀಕ್ಷಾಗೃಹದ ಮುದ್ರೆಯನ್ನೂ ಹುಡುಕಬೇಕು.

ಈ ತೋಟಾದ ಸಿಡಿಮದ್ದು ಅದರ ಅಂಚಿನಲ್ಲಿರುವುದರಿಂದ ಸೂಜಿಯು ಅಂಚಿಗೇ ಬಡಿಯುತ್ತದೆ. ಆದಕಾರಣ ತೋಟಾ ಇಲ್ಲದೆ ಟ್ರಿಗರ್ ಎಳೆದರೆ ನಳಿಗೆಯ ಹಿಂಬಾಯಿ ಜಖಂಗೊಳ್ಳಬಹುದು. ಹಿಂದಿನ ಸಿಡಿಮದ್ದು ಉಳಿಸಿದ ಲವಣವು ತೇವವನ್ನು ಹೀರಿ ಉಕ್ಕಿಗೆ ತುಕ್ಕು ಹಿಡಿಸುತ್ತಿತ್ತು; ಒಳಗೆ ಗುಳಿ ಬಿದ್ದಿದೆಯೇ ಎಂದು ಬೆಳಕಿಗೆ ಹಿಡಿದು ನೋಡುವುದು ಅವಶ್ಯ. ಶುಚಿಗೊಳಿಸುವ ಸಲಾಕೆಯನ್ನು ಮುಂಬಾಯಿಂದ ತೂರಿಸುವಾಗ ಅಂಚು ಸವೆದರೆ ಗುರಿಯೇ ಕೆಡುತ್ತದೆ.

ಮೇಲಣ ತುಕ್ಕಿಗೆ ಎಣ್ಣೆ ಹಾಗೂ ಮೃದುವಾದ ಬಟ್ಟೆ, ಮರದ ಹಿಡಿಗೆ ತೆಳುವಾಗಿ ಅಗಸೆ ಎಣ್ಣೆ, ಇಷ್ಟೇ ಸಾಕು. ಮರಳುಕಾಗದ ಮುಟ್ಟಿದರೆ ಮುದ್ರೆಗಳೂ ಮೂಲ ಕಪ್ಪು ಬಣ್ಣವೂ ಮಾಯವಾಗುತ್ತವೆ. ಮತ್ತೆ ಅವು ಮರಳಿ ಬಾರವು. ಹೊಳಪಿಗಿಂತ ಗುರುತು ದೊಡ್ಡದೆಂಬುದನ್ನು ನಾವು ಮರೆಯಲಾಗದು.