ಸಂಜೆ ನಾಲ್ಕರ ಬೀಗ

1935ರ ಜೂನ್ ತಿಂಗಳು. ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ಊರಿನ ರೋಟರಿ ಕ್ಲಬ್ಬಿನಲ್ಲಿ ಮಧ್ಯಾಹ್ನದ ಊಟದ ಸಭೆ. ಕಾರ್ಖಾನೆಗಳ ಮಾಲೀಕರು, ಬ್ಯಾಂಕಿನವರು, ವಕೀಲರು ಕೂತಿದ್ದ ಆ ಸಭೆಗೆ ಭಾಷಣ ಮಾಡಲು ಬಂದವರು ಒಬ್ಬ ಪಿ.ಟಿ. ಮೇಷ್ಟ್ರು. ಹೆಸರು ಫ್ರಾಂಕ್ ಮ್ಯಾನ್ಲಿ. ನ್ಯೂಯಾರ್ಕ್ ರಾಜ್ಯದ ಹರ್ಕಿಮರ್ ಎಂಬ ಸಣ್ಣ ಊರಿನ ಹುಡುಗ, ಇಪ್ಸಿಲಾಂಟಿಯ ಶಿಕ್ಷಕರ ಕಾಲೇಜಿನಲ್ಲಿ ಓದಿ 1927ರಲ್ಲಿ ಫ್ಲಿಂಟ್‌ಗೆ ಕೆಲಸಕ್ಕೆ ಬಂದಿದ್ದ. ಬಂದಾಗಿನಿಂದ ಅವನದು ಒಂದೇ ಹಾಡು: ಜನರ ತೆರಿಗೆಯಿಂದ ಕಟ್ಟಿದ ಶಾಲೆಗಳಿಗೆ ಸಂಜೆ ನಾಲ್ಕಕ್ಕೇ ಬೀಗ ಬೀಳುತ್ತದೆ, ಶನಿವಾರ ಭಾನುವಾರ ಬೀಗ, ಬೇಸಿಗೆಯಿಡೀ ಬೀಗ. ಒಳಗೆ ಜಿಮ್ನಾಷಿಯಂ ಖಾಲಿ, ಹೊರಗೆ ರಸ್ತೆಯ ತುಂಬ ಮಕ್ಕಳು.

ರಸ್ತೆ ಎಂದರೆ ಎಂಥ ರಸ್ತೆ? ಫ್ಲಿಂಟ್ ಜನರಲ್ ಮೋಟರ್ಸ್ ಕಂಪನಿ ಹುಟ್ಟಿದ ಊರು. ಬ್ಯೂಕ್, ಷೆವ್ರೊಲೆ ಕಾರುಗಳು ಅಲ್ಲಿಯೇ ತಯಾರಾಗುತ್ತಿದ್ದವು. ಊರಿನ ಹೆಮ್ಮೆಯೆಲ್ಲ ಚಕ್ರದ ಮೇಲೆ ನಿಂತಿತ್ತು, ಆ ಚಕ್ರಕ್ಕೆ ಸಿಕ್ಕಿ ಸಾಯುತ್ತಿದ್ದವರಲ್ಲಿ ಬೀದಿಯಲ್ಲಿ ಆಡುವ ಮಕ್ಕಳೂ ಇದ್ದರು. ಮಹಾ ಆರ್ಥಿಕ ಕುಸಿತದ ಕಾಲ. ಅಪ್ಪಂದಿರಿಗೆ ಕೆಲಸವಿಲ್ಲ, ದೊಡ್ಡ ಹುಡುಗರಿಗೆ ಹೊತ್ತು ಹೋಗದು, ಪೊಲೀಸ್ ಠಾಣೆಯ ದಾಖಲೆಯಲ್ಲಿ ಪುಟ್ಟ ಕಳ್ಳರ ಹೆಸರು ಹೆಚ್ಚುತ್ತಿತ್ತು. ಮ್ಯಾನ್ಲಿ ಎಷ್ಟು ಕೇಳಿದರೂ ಶಾಲಾ ಮಂಡಳಿಯ ಉತ್ತರ ಒಂದೇ: ದುಡ್ಡಿಲ್ಲ. ದೀಪ ಹಚ್ಚಲು, ಕೊಠಡಿ ಬೆಚ್ಚಗಿಡಲು, ಕಸ ಗುಡಿಸಲು, ನಿಗಾ ಇಡಲು, ಯಾವುದಕ್ಕೂ ಇಲ್ಲ.

ರೋಟರಿ ಸಭೆಯಲ್ಲಿ ಅಂದು ಚಾರ್ಲ್ಸ್ ಸ್ಟುವರ್ಟ್ ಮಾಟ್ ಕೂತಿದ್ದರು. ಆಗ ಅವರಿಗೆ ಅರವತ್ತು. ಗಾಡಿಯ ಅಚ್ಚು, ಚಕ್ರ ಮಾಡುವ ಕಾರ್ಖಾನೆಯನ್ನು ನ್ಯೂಯಾರ್ಕ್ ರಾಜ್ಯದ ಯುಟಿಕಾದಿಂದ 1906ರಲ್ಲಿ ಫ್ಲಿಂಟ್‌ಗೆ ಸಾಗಿಸಿ, ಅದನ್ನು ಜನರಲ್ ಮೋಟರ್ಸ್‌ಗೆ ಕೊಟ್ಟು, ಬದಲಿಗೆ ಕಂಪನಿಯ ಷೇರು ಪಡೆದು ಕೋಟ್ಯಧೀಶರಾದವರು. ಮೂರು ಬಾರಿ ಊರಿನ ಮೇಯರ್. 1913ರಲ್ಲಿ ಕಂಪನಿಯ ನಿರ್ದೇಶಕ ಮಂಡಳಿಗೆ ಸೇರಿದವರು ಸಾಯುವ ತನಕ, ಅಂದರೆ ಅರವತ್ತು ವರ್ಷ, ಅಲ್ಲಿಯೇ ಇದ್ದರು. ಇಷ್ಟಾಗಿ ಮಹಾ ಬಿಗಿಮುಷ್ಟಿಯ ಮನುಷ್ಯ. ಅವರ ಮಿತವ್ಯಯದ ಕಥೆಗಳೇ ಊರಲ್ಲಿ ಒಂದು ಸಾಹಿತ್ಯವಾಗಿದ್ದವು.

ಮ್ಯಾನ್ಲಿಯ ಮಾತು ಮಾಟ್‌ಗೆ ಹಿಡಿಸಿತು. ಇಬ್ಬರಿಗೂ ಟೆನಿಸ್ ಹುಚ್ಚು. ಆಟದ ನೆಪದಲ್ಲಿ ಮಾತು ಮುಂದುವರಿಯಿತು. ಆಮೇಲೆ ಊರಿನ ದಂತಕಥೆಯೇ ಆಗಿಬಿಟ್ಟ ಆ ಮಾತುಕತೆಯ ತಿರುಳು ಇಷ್ಟು. ಮಾಟ್‌ಗೆ ಹುಡುಗರಿಗಾಗಿ ಒಂದು ಕ್ಲಬ್ ಕಟ್ಟಿಸಬೇಕೆಂಬ ಆಲೋಚನೆ ಇತ್ತು: ಒಂದು ಕಟ್ಟಡ, ಅದರ ಮೇಲೊಂದು ಹೆಸರು, ಶ್ರೀಮಂತರು ಸಾಮಾನ್ಯವಾಗಿ ಬಯಸುವಂಥದ್ದು. ಮ್ಯಾನ್ಲಿ ತಡೆದ. ಒಂದು ಕ್ಲಬ್ ಕಟ್ಟಿ ಏನು ಮಾಡುತ್ತೀರಿ, ಊರಲ್ಲಿ ಆಗಲೇ ನಲವತ್ತರಷ್ಟು ಕ್ಲಬ್ಬುಗಳಿವೆ, ಒಂದೊಂದು ಬಡಾವಣೆಗೂ ಒಂದು, ಅವಕ್ಕೆಲ್ಲ ಶಾಲೆ ಎಂದು ಹೆಸರು, ಬೀಗ ತೆಗೆದರೆ ಸಾಕು ಎಂದ. ಬಿಗಿಮುಷ್ಟಿಯವರಿಗೆ ಇದಕ್ಕಿಂತ ಹಿತವಾದ ಸಲಹೆ ಇನ್ನೇನಿದ್ದೀತು? ಮಾಟ್ ಪ್ರತಿಷ್ಠಾನದಿಂದ ಆರು ಸಾವಿರ ಡಾಲರ್ ಬಂತು. ಅದೇ ವರ್ಷ ಐದು ಶಾಲೆಗಳ ಬಾಗಿಲು ಸಂಜೆ ಹೊತ್ತು, ಶನಿವಾರ ತೆರೆದವು.

ದುಡ್ಡು ಸಾಲದೆ ಬಂದಾಗ ಮ್ಯಾನ್ಲಿ ರೂಸ್‌ವೆಲ್ಟ್ ಸರ್ಕಾರದ ನಿರುದ್ಯೋಗ ಪರಿಹಾರ ಯೋಜನೆಯ ಕೆಲಸಗಾರರನ್ನು ಮಕ್ಕಳ ಮೇಲ್ವಿಚಾರಣೆಗೆ ಹಚ್ಚಿದ. ರೂಸ್‌ವೆಲ್ಟ್ ಎಂದರೆ ಮಾಟ್‌ಗೆ ಆಗುತ್ತಿರಲಿಲ್ಲ. ಹೀಗೆ ಪರಸ್ಪರ ಮುಖ ನೋಡದ ಎರಡು ಕೈಗಳ ದುಡ್ಡಿನಿಂದ ಫ್ಲಿಂಟ್ ಮಕ್ಕಳು ಬ್ಯಾಸ್ಕೆಟ್‌ಬಾಲ್ ಆಡಿದರು. ಮೇಷ್ಟ್ರಲ್ಲಿ ಚಾಣಾಕ್ಷತನ ಇತ್ತು.

ಆಟ ಶುರುವಾದ ಮೇಲೆ ಒಂದು ವಿಷಯ ಅವನ ತಲೆಗೆ ಹೊಳೆಯಿತು. ಚೆಂಡು ಕೊಟ್ಟ ಮಾತ್ರಕ್ಕೆ ಹುಡುಗರು ಸುಧಾರಿಸುತ್ತಿರಲಿಲ್ಲ. ಶಿಕ್ಷಕಿಯರನ್ನು ಮಕ್ಕಳ ಮನೆಮನೆಗೆ ಕಳುಹಿಸಿದ. ಅವರು ತಂದ ಸುದ್ದಿಯಲ್ಲಿ ಹಸಿವಿತ್ತು, ಕೊಳೆತ ಹಲ್ಲುಗಳಿದ್ದವು, ಇಕ್ಕಟ್ಟಿನ ಮನೆಗಳಿದ್ದವು, ಕೆಲಸ ಕಳೆದುಕೊಂಡು ಮೂಲೆ ಹಿಡಿದ ಗಂಡಸರಿದ್ದರು. ಸರಿ, ವೈದ್ಯರ ತಪಾಸಣೆ ಸೇರಿತು, ತಾಯಂದಿರಿಗೆ ಅಡುಗೆ, ಹೊಲಿಗೆ, ಆಹಾರದ ಪಾಠ ಸೇರಿತು, ಅಪ್ಪಂದಿರಿಗೂ ರಾತ್ರಿ ತರಗತಿ ಬಂತು. ಮಕ್ಕಳನ್ನು ಬೀದಿಯಿಂದ ಒಳಗೆ ಕರೆಯಲು ತೆರೆದ ಬಾಗಿಲಿನಿಂದ ಇಡೀ ಬೀದಿಯೇ ಒಳಗೆ ಬಂತು.

ಇಲ್ಲಿ ಕಥೆಯನ್ನು ಸ್ವಲ್ಪ ಹಿಂದಕ್ಕೆ ಒಯ್ಯಬೇಕು. ಶಾಲೆಯ ಕಟ್ಟಡವನ್ನು ಸಂಜೆ ತೆರೆಯುವ ಯೋಚನೆ ಮ್ಯಾನ್ಲಿಯ ಸ್ವಂತದ್ದಲ್ಲ. 1907ರಲ್ಲೇ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದಲ್ಲಿ ಎಡ್ವರ್ಡ್ ವಾರ್ಡ್ ಎಂಬ ಪಾದ್ರಿ ಇದನ್ನು ಮಾಡಿ ತೋರಿಸಿದ್ದರು. ಅಲ್ಲಿ ಸಂಜೆ ಶಾಲೆಗೆ ಮಕ್ಕಳಷ್ಟೇ ಅಲ್ಲ, ದೊಡ್ಡವರೂ ಬಂದರು. ಬಂದವರು ಸುಮ್ಮನೆ ಕೂರಲಿಲ್ಲ, ಕ್ಲಬ್ ಕಟ್ಟಿಕೊಂಡು ನಗರದ ಆಡಳಿತದ ಬಗ್ಗೆ ಚರ್ಚೆಗೆ ಇಳಿದರು. ರಾಜ್ಯದ ಗವರ್ನರ್ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಬಂದು ನೋಡಿ ಹೊಗಳಿ ಹೋದರು. ಆದರೆ ಊರಿನ ರಿಪಬ್ಲಿಕನ್ ಪಕ್ಷದ ಧಣಿ ಜಾರ್ಜ್ ಆಲ್ಡ್ರಿಜ್‌ಗೆ ಇದು ಹಿಡಿಸಲಿಲ್ಲ. ಸರ್ಕಾರಿ ಕಟ್ಟಡದಲ್ಲಿ, ಸರ್ಕಾರಿ ದೀಪದಡಿ, ಸಮಾಜವಾದಿಗಳು ಎದ್ದು ನಿಂತು ತನ್ನನ್ನೇ ಪ್ರಶ್ನಿಸುವುದೆಂದರೇನು? ಅನುದಾನ ಕಡಿತವಾಯಿತು, ವಾರ್ಡ್ ವಿಸ್ಕಾನ್ಸಿನ್‌ಗೆ ಹೊರಟುಹೋದರು, ನಾಲ್ಕೈದು ವರ್ಷದಲ್ಲಿ ಆ ಪ್ರಯೋಗ ಮುಗಿಯಿತು.

ಫ್ಲಿಂಟ್‌ನ ಸಂಜೆ ಶಾಲೆಯಲ್ಲಿ ಎಲ್ಲ ಇತ್ತು, ರಾಚೆಸ್ಟರ್‌ನ ಆ ವಾಗ್ವಾದ ಮಾತ್ರ ಇರಲಿಲ್ಲ. ದುಡ್ಡು ಯಾರದೆಂದು ನೋಡಿದರೆ ಕಾರಣ ಹುಡುಕಬೇಕಾಗಿಲ್ಲ. ಬಾಗಿಲು ತೆರೆದ ಮರುವರ್ಷ, 1936ರ ಡಿಸೆಂಬರ್ 30ರಂದು, ಅದೇ ಊರಿನಲ್ಲಿ ಜನರಲ್ ಮೋಟರ್ಸ್‌ನ ಫಿಷರ್ ಬಾಡಿ ಕಾರ್ಖಾನೆಯಲ್ಲಿ ಕಾರ್ಮಿಕರು ಯಂತ್ರ ನಿಲ್ಲಿಸಿ ಒಳಗೇ ಕೂತರು. ನಲವತ್ತನಾಲ್ಕು ದಿನ ಅಲ್ಲಾಡಲಿಲ್ಲ. ಗವರ್ನರ್ ಫ್ರಾಂಕ್ ಮರ್ಫಿ ಸೇನಾ ತುಕಡಿ ಕರೆಸಿದರೂ ಕಾರ್ಮಿಕರ ಮೇಲೆ ನುಗ್ಗಿಸಲಿಲ್ಲ. 1937ರ ಫೆಬ್ರುವರಿ 11ಕ್ಕೆ ಕಂಪನಿ ಮಣಿಯಿತು, ಅಮೆರಿಕದ ಕಾರ್ಮಿಕ ಚಳವಳಿಯ ದಿಕ್ಕು ಬದಲಾಯಿತು. ಮೂರು ದಶಕ ಕಳೆದ ಮೇಲೂ ಮಾಟ್‌ಗೆ ಆ ಸಿಟ್ಟು ಆರಿರಲಿಲ್ಲ. ಲೇಖಕ ಸ್ಟಡ್ಸ್ ಟರ್ಕಲ್ ಆರ್ಥಿಕ ಕುಸಿತದ ನೆನಪುಗಳನ್ನು ಕಲೆಹಾಕಿದ ಪುಸ್ತಕಕ್ಕೆ ಕೊಟ್ಟ ಸಂದರ್ಶನದಲ್ಲಿ, ಅಂದು ಬಂದೂಕಿನ ಬೆದರಿಕೆ ಹಾಕಿಯಾದರೂ ಅವರನ್ನು ಹೊರಗಟ್ಟಬೇಕಿತ್ತು ಎಂಬರ್ಥದಲ್ಲಿ ಆ ವೃದ್ಧರು ಮಾತಾಡಿದ್ದಾರೆ. ಕಾರ್ಮಿಕನ ಮಗನ ಕೈಗೆ ಚೆಂಡು ಕೊಟ್ಟವರೂ, ಅವನ ಅಪ್ಪನತ್ತ ಬಂದೂಕು ತಿರುಗಬೇಕಿತ್ತು ಎಂದವರೂ ಒಬ್ಬರೇ. ಈ ಮನುಷ್ಯನನ್ನು ಮೆಚ್ಚಬೇಕೋ ಬಿಡಬೇಕೋ ನನಗೆ ಇನ್ನೂ ತೀರ್ಮಾನವಾಗಿಲ್ಲ.

ಎರಡನೇ ಮಹಾಯುದ್ಧದ ನಂತರದ ಇಪ್ಪತ್ತು ವರ್ಷ ಫ್ಲಿಂಟ್‌ನ ವೈಭವದ ಕಾಲ. ಐವತ್ತರ ದಶಕದಿಂದ ಹೊಸ ಶಾಲೆಗಳ ನಕ್ಷೆಯಲ್ಲೇ ಊರವರಿಗಾಗಿ ಕೊಠಡಿಗಳು ಬಂದವು. ಒಂದೊಂದು ಶಾಲೆಗೂ ಒಬ್ಬ ನಿರ್ದೇಶಕ: ಹಗಲು ಅರ್ಧ ದಿನ ಪಿ.ಟಿ. ಮೇಷ್ಟ್ರು, ಆಮೇಲೆ ರಾತ್ರಿಯವರೆಗೆ ಬಡಾವಣೆಯ ಸೂತ್ರಧಾರ. ಎಲ್ಲಿ ಅಜ್ಜಿ ಒಬ್ಬಳೇ ಇದ್ದಾಳೆ, ಯಾವ ಹುಡುಗ ಶಾಲೆ ಬಿಟ್ಟ, ಯಾರ ಮನೆಯಲ್ಲಿ ಜಗಳ, ಅವನಿಗೆ ಗೊತ್ತು. 1958ರಲ್ಲಿ ಕೆನಡಾದ ಹ್ಯಾಮಿಲ್ಟನ್ ನಗರದೊಂದಿಗೆ ಮಕ್ಕಳ ಕ್ರೀಡಾಕೂಟ ಶುರುವಾಯಿತು, ಆಡಲು ಹೋದ ಮಕ್ಕಳು ಅಲ್ಲಿನವರ ಮನೆಗಳಲ್ಲೇ ತಂಗುತ್ತಿದ್ದರು. ಬೇರೆ ಬೇರೆ ರಾಜ್ಯಗಳ ಶಿಕ್ಷಣಾಧಿಕಾರಿಗಳು ಬಸ್ಸು ತುಂಬಿಕೊಂಡು ಫ್ಲಿಂಟ್ ನೋಡಲು ಬಂದರು. ಪಿ.ಟಿ. ಮೇಷ್ಟ್ರು ಈಗ ಪ್ರತಿಷ್ಠಾನದ ಮುಖ್ಯಸ್ಥ, ಮಾತಿಗೆ ನಿಂತರೆ ಸಭೆ ಕೂತಲ್ಲಿಂದ ಏಳುತ್ತಿರಲಿಲ್ಲವಂತೆ.

ಆದರೆ ಬಡಾವಣೆಗೊಂದು ಶಾಲೆ ಎಂಬ ಚೆಂದದ ಮಾತಿಗೆ ಇನ್ನೊಂದು ಮುಖವಿತ್ತು. ಆ ಊರಿನಲ್ಲಿ ಕಪ್ಪು ಜನರ ಬಡಾವಣೆ ಬೇರೆ, ಬಿಳಿಯರ ಬಡಾವಣೆ ಬೇರೆ. ಬಡಾವಣೆಯ ಗಡಿ ಗಟ್ಟಿಯಾದಷ್ಟೂ ಬಣ್ಣದ ಗಡಿಯೂ ಗಟ್ಟಿಯಾಯಿತು ಎಂದು ಇತಿಹಾಸಕಾರ ಆಂಡ್ರೂ ಹೈಸ್ಮಿತ್ 2015ರ ತಮ್ಮ ಪುಸ್ತಕದಲ್ಲಿ ದಾಖಲೆ ಸಮೇತ ವಾದಿಸಿದ್ದಾರೆ. ಫ್ಲಿಂಟ್‌ನ ಹೊಗಳಿಕೆಯನ್ನಷ್ಟೇ ಓದಿಕೊಂಡು ಬಂದವರಿಗೆ ಅದು ಕಹಿ ಓದು. ಓದಲೇಬೇಕಾದದ್ದು.

ಮ್ಯಾನ್ಲಿ 1972ರಲ್ಲಿ, ಮಾಟ್ 1973ರಲ್ಲಿ ತೀರಿಕೊಂಡರು. ಆಮೇಲಿನ ಎರಡು ದಶಕಗಳಲ್ಲಿ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದ ಕಥೆ ಬೇರೆಯವರು ಬೇಕಾದಷ್ಟು ಹೇಳಿದ್ದಾರೆ.

ನಮ್ಮ ಕಥೆ ಮತ್ತೆ ಎದ್ದದ್ದು 1994ರಲ್ಲಿ, ರಾಜಧಾನಿ ವಾಷಿಂಗ್ಟನ್‌ನಲ್ಲಿ. ಶಾಲೆಯ ಕಟ್ಟಡಗಳನ್ನು ಪಾಠದ ಹೊತ್ತು ಮೀರಿ ಊರಿಗೆಲ್ಲ ತೆರೆಯಬೇಕೆಂಬ ಒಂದು ಸಣ್ಣ ಅಂಶ ಶಿಕ್ಷಣ ಕಾಯ್ದೆಯೊಳಗೆ ಸೇರಿತು. ‘ಇಪ್ಪತ್ತೊಂದನೇ ಶತಮಾನದ ಸಮುದಾಯ ಕಲಿಕಾ ಕೇಂದ್ರ’ ಎಂದು ಭಾರೀ ಹೆಸರು, ಕೈಯಲ್ಲಿ ಚಿಲ್ಲರೆ ಕಾಸು. 1998ರಲ್ಲಿ ಕ್ಲಿಂಟನ್ ಸರ್ಕಾರ ನಾಲ್ಕು ಕೋಟಿ ಡಾಲರ್ ಇಟ್ಟಿತು. ತರಬೇತಿಗೂ ಪ್ರಚಾರಕ್ಕೂ ಜೊತೆಯಾದದ್ದು ಯಾರು? ಅದೇ ಮಾಟ್ ಪ್ರತಿಷ್ಠಾನ. 2002ರ ಹೊತ್ತಿಗೆ ಮೊತ್ತ ನೂರು ಕೋಟಿ ಡಾಲರ್ ಮುಟ್ಟಿತು. ಶಾಲೆ ಬಿಟ್ಟ ಮೇಲಿನ ಹೊತ್ತಿಗಾಗಿಯೇ ವಕಾಲತ್ತು ಮಾಡುವ ಆಫ್ಟರ್‌ಸ್ಕೂಲ್ ಅಲಯನ್ಸ್ ಎಂಬ ಸಂಸ್ಥೆ 2000ದಲ್ಲಿ ಹುಟ್ಟಿತು. ಪ್ರತಿ ಅಕ್ಟೋಬರ್‌ನಲ್ಲಿ ಒಂದು ಸಂಜೆ ದೇಶದುದ್ದಕ್ಕೂ ಸಾವಿರಾರು ಕಡೆ ದೀಪ ಹಚ್ಚಿ, ಈ ಕೇಂದ್ರಗಳನ್ನು ಆರಿಸಬೇಡಿ ಎಂದು ಕೇಳುವ ಪದ್ಧತಿಯನ್ನು ಶುರುಮಾಡಿದವರು ಇವರೇ.

ಈ ದೀಪದ ಹಬ್ಬಕ್ಕೆ 2001ರಲ್ಲಿ ಸಿಕ್ಕ ಮುಖಂಡ ‘ಟರ್ಮಿನೇಟರ್’ ಸಿನಿಮಾದ ಆರ್ನಾಲ್ಡ್ ಶ್ವಾರ್ಜ್‌ನೆಗರ್! ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಅವರು ಮುಂದೆ ನಿಂತು ಈ ಕೇಂದ್ರಗಳಿಗೆ ವರ್ಷಕ್ಕೆ ಐವತ್ತೈದು ಕೋಟಿ ಡಾಲರ್‌ವರೆಗೆ ಮೀಸಲಿಡುವ ಪ್ರಸ್ತಾವವನ್ನು ಜನಮತಕ್ಕೆ ಒಯ್ದು ಗೆಲ್ಲಿಸಿದರು. 2003ರಲ್ಲಿ ಅವರದೇ ಪಕ್ಷದ ಅಧ್ಯಕ್ಷ ಬುಷ್ ಒಕ್ಕೂಟದ ಅನುದಾನವನ್ನು ನೂರರಿಂದ ಅರವತ್ತು ಕೋಟಿಗೆ ಇಳಿಸಹೊರಟಾಗ ಸೆನೆಟ್ ಸಮಿತಿಯ ಮುಂದೆ ಹೋಗಿ ಬೇಡ ಎಂದರು. ಕಡಿತ ನಿಂತಿತು. ಆ ಶರತ್ಕಾಲದಲ್ಲೇ ಅವರು ಗವರ್ನರ್ ಆದರು. ರಾಜಕೀಯಕ್ಕೆ ಮೆಟ್ಟಿಲಾಗಿ ಮಕ್ಕಳನ್ನು ಬಳಸಿಕೊಂಡರು ಎಂದವರೂ ಇದ್ದರು. ಇರಲಿ, ಮೆಟ್ಟಿಲಾದರೂ ಸಿಮೆಂಟಿನದಾಗಿತ್ತು, ಈಗಲೂ ಕ್ಯಾಲಿಫೋರ್ನಿಯಾದಲ್ಲಿ ಆ ದುಡ್ಡು ಹರಿಯುತ್ತಿದೆ.

ನನಗೆ ಕಿರಿಕಿರಿಯಾಗುವುದು ಬೇರೊಂದು ಕಾರಣಕ್ಕೆ. ಬುಷ್ ಸರ್ಕಾರ ಕಡಿತಕ್ಕೆ ಕೊಟ್ಟ ನೆಪ ಒಂದು ಅಧ್ಯಯನ: ಸಂಜೆ ಕೇಂದ್ರಕ್ಕೆ ಬರುವ ಮಕ್ಕಳ ಅಂಕ ಹೇಳಿಕೊಳ್ಳುವಷ್ಟು ಏರಿಲ್ಲವಂತೆ. 2017ರಲ್ಲಿ ಟ್ರಂಪ್ ಸರ್ಕಾರ ಯೋಜನೆಯನ್ನೇ ರದ್ದು ಮಾಡಹೊರಟಾಗಲೂ ಅದೇ ರಾಗ, ಪುರಾವೆ ಇಲ್ಲ ಎಂದು. ಆಗೆಲ್ಲ ಬೆಂಬಲಿಗರು ಅಂಕ ಏರಿದ್ದನ್ನು ತೋರಿಸುವ ಬೇರೆ ಅಧ್ಯಯನ ಹಿಡಿದು ಓಡುತ್ತಾರೆ. ರಾಚೆಸ್ಟರ್‌ನಲ್ಲಿ ಕೇಳಿದ್ದು ನಾಗರಿಕತ್ವಕ್ಕಾಗಿ, ಫ್ಲಿಂಟ್‌ನಲ್ಲಿ ಬಾಲಾಪರಾಧ ತಡೆಗೆ, ತೊಂಬತ್ತರ ದಶಕದಲ್ಲಿ ಮತ್ತೆ ಪೊಲೀಸರ ಭಾಷೆಯಲ್ಲಿ ಅಪರಾಧ ತಡೆಗೆ, ಆಮೇಲೆ ಅಂಕಕ್ಕಾಗಿ, ತಾಯಂದಿರ ಉದ್ಯೋಗಕ್ಕಾಗಿ. ಹಗಲು ಆರು ಗಂಟೆ ಪಾಠ ಮಾಡಿದ ಶಾಲೆಯಿಂದಲೇ ಆಗದ ಕೆಲಸವನ್ನು ಸಂಜೆಯ ಎರಡು ಗಂಟೆ ಮಾಡಿ ತೋರಿಸಬೇಕಂತೆ. ಹತ್ತು ವರ್ಷದ ಹುಡುಗಿಗೆ ಆಡಲು ಜಾಗ ಬೇಕು, ತನ್ನವರಲ್ಲದ ಒಬ್ಬ ದೊಡ್ಡವರು ಅವಳ ಮಾತು ಕೇಳಿಸಿಕೊಳ್ಳಬೇಕು ಎಂದಷ್ಟೇ ಹೇಳಿ ದುಡ್ಡು ಕೇಳಿದವರು ಈ ನೂರು ವರ್ಷದ ಕಡತದಲ್ಲಿ ನನಗೆ ಕಾಣಲಿಲ್ಲ. ಮ್ಯಾನ್ಲಿಗೂ ಆ ಧೈರ್ಯ ಇರಲಿಲ್ಲ. ರೋಟರಿಯ ಊಟದ ಮೇಜಿಗೆ ಅವನು ಒಯ್ದದ್ದು ಕಳ್ಳತನದ ಲೆಕ್ಕವನ್ನೇ.

2025ರ ಜುಲೈ 1ರಂದು ರಾಜ್ಯಗಳಿಗೆ ಹೋಗಬೇಕಿದ್ದ ಸಂಜೆ ಕೇಂದ್ರಗಳ ಅನುದಾನ, ಸುಮಾರು ನೂರ ನಲವತ್ತು ಕೋಟಿ ಡಾಲರ್, ಟ್ರಂಪ್ ಸರ್ಕಾರದ ತಡೆಗೆ ಸಿಕ್ಕಿಕೊಂಡಿತು. ಬೇಸಿಗೆ ಶಿಬಿರಗಳು ನಡೆಯುತ್ತಿದ್ದ ಹೊತ್ತು ಅದು. ಗಲಾಟೆಯಾಯಿತು, ಆಡಳಿತ ಪಕ್ಷದ ಹತ್ತು ಸೆನೆಟರ್‌ಗಳೇ ಪತ್ರ ಬರೆದರು, ಎರಡೂವರೆ ವಾರದ ಬಳಿಕ ಹಣ ಬಿಡುಗಡೆಯಾಯಿತು.

ಫ್ಲಿಂಟ್‌ನ ಶಾಲೆಗಳಲ್ಲಿ 1968ರಲ್ಲಿ ನಲವತ್ತಾರು ಸಾವಿರಕ್ಕೂ ಹೆಚ್ಚು ಮಕ್ಕಳಿದ್ದರು. ಈಗ ಮೂರು ಸಾವಿರದ ಆಸುಪಾಸು. ದೊಡ್ಡ ಹೈಸ್ಕೂಲಾಗಿದ್ದ ಸೆಂಟ್ರಲ್ 2009ರಲ್ಲೇ ಮುಚ್ಚಿತು. ಅದಕ್ಕೆ ಹಗಲು ರಾತ್ರಿ ಎರಡೂ ಹೊತ್ತು ಬೀಗ ಬಿತ್ತು. 2014ರಲ್ಲಿ ನಲ್ಲಿ ನೀರಿಗೆ ಸೀಸ ಬೆರೆತು ಊರು ಜಗತ್ತಿನ ಬಾಯಿಗೆ ಬಿದ್ದ ಮೇಲೆ ಮಾಟ್ ಪ್ರತಿಷ್ಠಾನ ಹತ್ತು ಕೋಟಿ ಡಾಲರ್‌ವರೆಗೆ ಕೊಡುವುದಾಗಿ ಹೇಳಿತು, ಸಮುದಾಯ ಶಾಲೆಯ ಹಳೆಯ ಮಾತಿಗೂ ಮತ್ತೆ ಜೀವ ಬಂತು. ಶಾಲೆ ಬಿಟ್ಟ ಮೇಲೆ ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಯೂತ್‌ಕ್ವೆಸ್ಟ್ ಎಂಬ ಕಾರ್ಯಕ್ರಮ 2010ರಿಂದ ನಡೆಯುತ್ತಿದೆ. ಅದಕ್ಕೆ ದುಡ್ಡು ಬರುವುದು ಮಾಟ್ ಪ್ರತಿಷ್ಠಾನದಿಂದ ಮತ್ತು ಪ್ರತಿ ವರ್ಷ ಉಳಿದೀತೋ ಇಲ್ಲವೋ ಎಂದು ಕಾಯಬೇಕಾದ ವಾಷಿಂಗ್ಟನ್ನಿನ ಆ ಅನುದಾನದಿಂದ.